ಮಾನಪ್ಪ ಮುತ್ಯಾ, ಒಂದರ ಮೇಲಾದರೂ ಅಂಕಿ ಬಿಡಿ

ಕುಷ್ಟಗಿ,
2141ನೆಯ ಇಸವಿ, ಹದಿಮೂರನೆಯ ತಿಂಗಳು, ಒಂಬತ್ತನೆಯ ದಿನ

ಮಾನಪ್ಪ ಮುತ್ಯಾ ಅವರಿಗೆ ಕಾಳಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರ ಕಾಗದ ಎಂದು ಬದಿಗಿಡಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ. ವರ್ಷ ಶುರುವಾಗುವುದು ಮಳೆಯಿಂದ. ಉಳಿದ ದಿನಗಳನ್ನೆಲ್ಲ ಕೂಡಿಸಿ ಕೊನೆಗೊಂದು ತಿಂಗಳು ಮಾಡಿಕೊಂಡಿದ್ದೇವೆ, ಅದಕ್ಕೆ ಕಾಯುವ ತಿಂಗಳು ಎಂದು ಹೆಸರು. ನಿಮ್ಮ ಲೆಕ್ಕದಲ್ಲಿ ಅದು ಮೇ ತಿಂಗಳ ಆಸುಪಾಸು. ಇನ್ನು ನನ್ನ ಮಾತು ಕೆಲವು ಕಡೆ ನಿಮಗೆ ಅರ್ಥವಾಗದೆ ಹೋಗಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಶಾಲೆಗೆ ಹೋದದ್ದು ಮೂರೇ ವರ್ಷ. ಉಳಿದ ಓದು, ಬೆಸುಗೆ, ತಂತಿ ಕೆಲಸ ಎಲ್ಲ ಸುಟ್ಟುಕೊಂಡ ಬೆರಳುಗಳಿಂದ ಕಲಿತದ್ದು.

ನಾನು ಯಾರೆಂದು ಹೇಳಬೇಕು. ನಿಮ್ಮ ಮಗಳು ಸಿಂಚನಾಳ ಮಗಳ ಮಗಳು ನಾನು. ಸಿಂಚನಾ ಎಂಬ ಹೆಸರು ನಿಮಗೆ ಹೊಸಗಾಳಿಯ ಹೆಸರು, ನಮಗೆ ಅದು ಹಲ್ಲಿಲ್ಲದ ಮುದುಕಿಯ ಹೆಸರು. ಹಾಗಾಗಿ ನಮ್ಮ ಕಾಲಕ್ಕೆ ಕಾಳಮ್ಮ, ಈರಮ್ಮ ಎಂಬ ಹೆಸರುಗಳು ಮರಳಿ ಬಂದವು. ಸಂಬಂಧದಲ್ಲಿ ನೀವು ಮುತ್ಯಾನಿಗಿಂತ ಒಂದು ಮೆಟ್ಟಿಲು ಮೇಲೆ, ಆದರೂ ಮುತ್ಯಾ ಎಂದೇ ಕರೆಯುತ್ತೇನೆ. ಈ ಕಾಗದ ಓದುವಾಗ ನಿಮಗೆ ನಲವತ್ತು ಇದ್ದೀತು. ನನಗೆ ಎಪ್ಪತ್ಮೂರು. ವಯಸ್ಸಿನಿಂದ ನಾನು ನಿಮ್ಮನ್ನು ಗದರಬಹುದು, ಸಂಬಂಧದಿಂದ ಗದರುವಂತಿಲ್ಲ. ಎರಡರ ನಡುವೆ ಸಿಕ್ಕಿಕೊಂಡು ಬರೆಯುತ್ತಿದ್ದೇನೆ.

ಕಾಗದ ನಿಮ್ಮ ಕೈಗೆ ಬಂದ ದಾರಿ ಹೇಳುತ್ತೇನೆ. ಮನೆಯ ಹಿಂದೆ ನೀವು ಬೋರ್‌ವೆಲ್ ಕೊರೆಸಿದ್ದಿರಲ್ಲ, ಆರುನೂರ ನಲವತ್ತು ಅಡಿ ಹೋದರೂ ಧೂಳು ಬಿಟ್ಟು ಬೇರೇನೂ ಬರಲಿಲ್ಲವೆಂದು ಕಲ್ಲು ಮುಚ್ಚಿದ್ದು, ಅದು ಇನ್ನೂ ಇದೆ. ನಮ್ಮ ಸೀಮೆಯ ಪ್ರತಿ ಮನೆಗೂ ಅಂಥದ್ದೊಂದು ಒಣ ಕೊಳವೆ ಇದೆ. ಕಾಯುವ ತಿಂಗಳಲ್ಲಿ ಮನೆಯ ಹಿರಿಯರು ಅದನ್ನು ಕೊರೆಸಿದವರಿಗೆ ಒಂದು ಕಾಗದ ಬರೆದು, ತಗಡಿನಲ್ಲಿ ಸುತ್ತಿ, ದಾರ ಕಟ್ಟಿ ಒಳಗೆ ಇಳಿಬಿಡುತ್ತಾರೆ. ಬೋರೋಲೆ ಎನ್ನುತ್ತೇವೆ. ಹೆಚ್ಚಿನವರು ಬೈಗುಳವೇ ಬರೆಯುತ್ತಾರೆ, ಇದ್ದ ನೀರನ್ನೆಲ್ಲ ಏನು ಮಾಡಿದಿರಿ ಎಂದು. ಬರೆದರೆ ಹೊಟ್ಟೆ ಹಗುರಾಗುತ್ತದೆ, ಅಷ್ಟೆ. ಉತ್ತರ ಬಂದೀತೆಂದು ಯಾರೂ ಕಾಯುವುದಿಲ್ಲ. ನಾನೂ ಇಷ್ಟು ವರ್ಷ ಕಾಯಲಿಲ್ಲ. ಈ ವರ್ಷ ಮಾತ್ರ ಕಾಯುತ್ತೇನೆ.

ನಾಳೆ ಬೆಳಗಿನ ಜಾವ ನನ್ನ ತಂಗಿ ಈರಮ್ಮನನ್ನು ಕರೆದುಕೊಂಡು ಕಲಬುರಗಿಗೆ ಹೊರಡಬೇಕು. ಅವಳಿಗೆ ಅರವತ್ತೆಂಟು. ಹನ್ನೊಂದು ವರ್ಷದಿಂದ ಅವಳ ಎದೆ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುವುದಿಲ್ಲ, ಎದೆಗಾವಲು ಬಡಿಸುತ್ತದೆ. ಎಲೆ ಅಡಿಕೆಯ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಅದು. ಸೊಂಟಕ್ಕೆ ಕಟ್ಟಿಕೊಂಡಿರುತ್ತಾಳೆ, ಅಲ್ಲಿಂದ ಒಂದು ಎಳೆ ಎದೆಯೊಳಗೆ ಹೋಗಿದೆ. ಹಳೆಯ ಮಾದರಿಯದು. ಈಗಿನವು ಹಾಸಿಗೆಯ ಮೇಲೆ ಮಲಗಿದರೆ ತಾವೇ ವಿದ್ಯುತ್ ಕುಡಿಯುತ್ತವೆ. ಇವಳದಕ್ಕೆ ನೀವು ಯು.ಎಸ್.ಬಿ. ಎನ್ನುತ್ತಿದ್ದ ಆ ಚಪ್ಪಟೆ ಬಾಯಿಂದಲೇ ಉಣಿಸಬೇಕು, ಐದು ವೋಲ್ಟು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮನೆಯ ಗೋಡೆಯಲ್ಲಿ ಆಸ್ಪತ್ರೆಯವರು ಅಂಥದ್ದೊಂದು ಬಾಯಿ ಕೂರಿಸಿ ಹೋಗಿದ್ದಾರೆ, ಅದು ಗೋಡೆ ಬಿಟ್ಟು ಬರುವುದಿಲ್ಲ. ಮೊದಲು ಒಂದು ಸಲ ಉಂಡರೆ ಎರಡು ದಿನ ತಡೆಯುತ್ತಿದ್ದ ಪೆಟ್ಟಿಗೆ ಈಗ ಆರೇ ಗಂಟೆಯಲ್ಲಿ ಸೋಲುತ್ತಿದೆ. ಅದನ್ನು ಬದಲಿಸಿ ಕೊಡುತ್ತೇವೆ, ಹನ್ನೊಂದನೆಯ ತಾರೀಖು ಸಂಜೆಯೊಳಗೆ ಬನ್ನಿ ಎಂದು ಕಲಬುರಗಿಯ ಎದೆಮನೆಯಿಂದ, ಅಂದರೆ ಹೃದಯದ ಆಸ್ಪತ್ರೆಯಿಂದ, ಕರೆ ಬಂದಿದೆ. ಹಾರುಗಾಡಿ ಅರವತ್ತು ದಾಟಿದವರಿಗೆ ಸಿಗುವುದಿಲ್ಲ. ನಮ್ಮ ದಾರಿ ನಾವೇ ನೋಡಿಕೊಳ್ಳಬೇಕು.

ನಿಮ್ಮ ಕಾಲದಲ್ಲಿ ಕಲಬುರಗಿ ಅರ್ಧ ದಿನದ ದಾರಿ ಎಂದು ಕೇಳಿದ್ದೇನೆ. ನಮಗೆ ಎರಡು ದಿನ. ಡಾಂಬರು ಕರಗಿ ಅಂಚಿಗೆ ಹರಿದುಹೋಗಿ ದಾರಿಯಲ್ಲಿ ಜಲ್ಲಿ ಮಾತ್ರ ಉಳಿದಿದೆ. ಅದೂ ಅಲ್ಲದೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮನೆಹೊತ್ತು, ಬಿಸಿಲಿಗೆ ಯಾರೂ ಹೊರಗೆ ಇರಕೂಡದು. ದಾರಿಯಲ್ಲಿದ್ದವರು ಸಿಕ್ಕ ನೆರಳುಮನೆಗೆ ಗಾಡಿ ನುಗ್ಗಿಸಿ ಒದ್ದೆ ಗೋಣಿ ಹೊದ್ದು ಕೂರಬೇಕು. ಮೊದಲ ದಿನಕ್ಕೆ ಭಯವಿಲ್ಲ, ಲಿಂಗಸುಗೂರಿನ ನೆರಳುಮನೆಯಲ್ಲಿ ಗೋಡೆಗೆ ಬಾಯಿ ಇದೆ, ಅಲ್ಲೇ ತಂಗುತ್ತೇವೆ. ಅಲ್ಲಿಂದಾಚೆ ತಿಂಥಣಿಯ ಸೇತುವೆ ದಾಟಿ, ಸುರಪುರ ಶಹಾಪುರ ಹಿಂದೆ ಹಾಕಿ ಕಲಬುರಗಿ ಮುಟ್ಟುವವರೆಗೆ, ಮನೆಹೊತ್ತೂ ಸೇರಿ, ಹನ್ನೆರಡು ಗಂಟೆ. ಒಂದೂ ಬಾಯಿ ಇಲ್ಲ. ಪೆಟ್ಟಿಗೆ ತಡೆಯುವುದು ಆರು ಗಂಟೆ. ಉಳಿದ ಆರು ಗಂಟೆಯನ್ನು ಗಾಡಿಯ ಬ್ಯಾಟರಿಯಿಂದ ಉಣಿಸಬೇಕು. ಎಣಿಸಿ ಎಣಿಸಿ ನನ್ನ ಬಾಯಿ ಒಣಗಿದೆ. ಹೇಗೆ ಎಣಿಸಿದರೂ ಹನ್ನೆರಡರಲ್ಲಿ ಆರು ಕಳೆದರೆ ಆರೇ ಉಳಿಯುತ್ತದೆ.

ಗಾಡಿ ಲಾಲಸಾಬನದು. ಅವನ ಮನೆತನ ನಿಮ್ಮ ಕಾಲದಿಂದಲೂ ಬಾಡಿಗೆ ಗಾಡಿ ಓಡಿಸಿಕೊಂಡು ಬಂದದ್ದು. ಈಗಿನದು ಹೊಂಗೆ ಎಣ್ಣೆ ಕುಡಿಯುವ ಮುದಿ ಜೀಪು, ಅದರ ಮೈಯ ಅರ್ಧ ಭಾಗ ಬೇರೆ ಬೇರೆ ಸತ್ತ ಜೀಪುಗಳಿಂದ ಬಂದದ್ದು. ಅದರ ಮುಂಭಾಗದಲ್ಲಿ ಒಂದು ದುಂಡು ತೂತು ಇದೆ. ಬೀಡಿ ಸಿಗರೇಟು ಹಚ್ಚಲು ಗಾಡಿಯಲ್ಲೇ ಒಂದು ಕೆಂಡದ ಗುಂಡಿ ಇಟ್ಟಿದ್ದರು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ. ಆ ತೂತಿನಿಂದ ಹನ್ನೆರಡು ವೋಲ್ಟು ಬರುತ್ತದೆ, ಇಂಜಿನ್ ಓಡುವಾಗ ಹದಿನಾಲ್ಕು. ಅದನ್ನು ಐದಕ್ಕೆ ಇಳಿಸುವ ಸಾಮಾನು, ನೀವು ಕಾರ್ ಚಾರ್ಜರ್ ಎನ್ನುತ್ತಿದ್ದದ್ದು, ಈಗ ಯಾವ ಅಂಗಡಿಯಲ್ಲೂ ಇಲ್ಲ. ಐದು ವೋಲ್ಟಿನ ಬಾಯಿಗಳೇ ಹೋದ ಮೇಲೆ ಅದನ್ನು ಯಾರು ಮಾಡುತ್ತಾರೆ.

ಆದರೆ ನಮ್ಮ ಮನೆಯಲ್ಲಿ ಒಂದಿತ್ತು, ನಿಮ್ಮದು.

ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಮಾರುತ್ತಿದ್ದದ್ದನ್ನು ನೀವು ಎಂಬತ್ತಕ್ಕೆ ಕೈಯಾರೆ ಕಟ್ಟಿ ಕೊಡುತ್ತಿದ್ದಿರಂತೆ, ಬಸ್ ನಿಲ್ದಾಣದ ಎದುರಿನ ನಿಮ್ಮ ಪತ್ತಾರಿಕೆಯ ಅಂಗಡಿಯಲ್ಲಿ, ಬೆಳ್ಳಿ ಬಂಗಾರದ ಕೆಲಸ ಕಡಿಮೆಯಾದ ಮೇಲೆ. ಕೊನೆಯದಾಗಿ ಕಟ್ಟಿದ ಒಂದನ್ನು ಅವ್ವ ಜೋಪಾನವಾಗಿ ಇಟ್ಟಿದ್ದಳು. ಪ್ರತಿ ವರ್ಷ ಆಯುಧಪೂಜೆಗೆ ನಿಮ್ಮ ಚಿಮಟ, ಊದುಗೊಳವೆಗಳ ಜೊತೆ ಅದಕ್ಕೂ ಕುಂಕುಮ ಬೀಳುತ್ತಿತ್ತು. ಹೋದ ವಾರ ಅದನ್ನು ಪೂಜೆಯಿಂದ ಎಬ್ಬಿಸಿ ಜೀಪಿಗೆ ಸಿಕ್ಕಿಸಿದೆ. ಒಂದು ಜೀವದ ಸುಳಿವೂ ಇಲ್ಲ. ಬಿಚ್ಚಿದರೆ ಒಳಗೆಲ್ಲ ಅರಗು. ಪೊಳ್ಳು ಒಡವೆಗೆ ಅರಗು ತುಂಬುವ ಕೈ, ಚಾರ್ಜರಿಗೂ ತುಂಬಿದೆ. ನನಗೆ ಆ ಗಳಿಗೆಯಲ್ಲೂ ನಗು ಬಂತು. ಕೆಂಡದ ಮೇಲೆ ಹಿಡಿದು ಅರಗು ಇಳಿಸಿದೆ. ಒಳಗೆ ಎರಡು ಕೆಪಾಸಿಟರು, ಒಣಗಿದ್ದವು, ಅವಕ್ಕೆ ಬದಲಿ ನನ್ನಲ್ಲಿತ್ತು. ನಡುವೆ ವೋಲ್ಟು ಇಳಿಸುವ ಪುಟ್ಟ ಕಪ್ಪು ಚೂರು, ಮೂರು ಕಾಲಿನ ಐಸಿ. ಅದು ನಟ್ಟನಡುವೆ ಬಿರಿದಿತ್ತು. ಅದರ ಮುಖ ನೋಡಿದೆ, ಯಾವ ಸಾಮಾನೆಂದು ಓದಲು.

ಮುಖ ನುಣ್ಣಗಿತ್ತು. ಅಂಕಿ ಉಜ್ಜಿ ತೆಗೆದು, ಅದರ ಮೇಲೆ ಸೂಜಿಯಿಂದ "ಮಾ" ಎಂದು ಬರೆದಿದ್ದಿರಿ.

ಸಿಂಚನಾ ಅಜ್ಜಿ ಇದರ ಕಥೆ ಹೇಳಿದ್ದಳು, ನನಗೆ ಆಗ ಎಂಟೋ ಒಂಬತ್ತೋ. ಹುಬ್ಬಳ್ಳಿಯಿಂದ ಸಾಮಾನು ಬಂದ ದಿನ ನೀವು ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಎಳೆದು, ಹಲಗೆಯ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ಒಂದೊಂದೇ ಐಸಿಯ ಮುಖ ಉಜ್ಜುತ್ತಿದ್ದಿರಂತೆ. ಎದುರಂಗಡಿಯವನು ಒಂದು ಬಿಚ್ಚಿ ನೋಡಿ ನಾಳೆಯೇ ತಾನೂ ಕಟ್ಟಿಯಾನು ಎಂಬ ಹೆದರಿಕೆ. ಅದು ಒಂದು. ಇನ್ನೊಂದು, ಪತ್ತಾರನ ಕೈಯಿಂದ ಹೊರಟ ಸಾಮಾನಿನ ಮೇಲೆ ಇನ್ನೊಬ್ಬರ ಗುರುತು ಇರಬಾರದು ಎಂಬ ಹಟ. ಮನೆತನದ ಪದ್ಧತಿ ಅದು, ನನಗೂ ಇದೆ, ನಿಮ್ಮನ್ನೊಬ್ಬರನ್ನೇ ದೂರಲಾರೆ. ಏನು ಬರೆದಿತ್ತು ಎಂದು ನಾನು ಅಜ್ಜಿಯನ್ನು ಆಗ ಕೇಳಿದ್ದೆ, ಮಕ್ಕಳು ಎಲ್ಲವನ್ನೂ ಕೇಳುತ್ತವಲ್ಲ ಹಾಗೆ. "ಏಳರಿಂದ ಚಾಲೂ ಆಗ್ತಿತ್ತು ನೋಡವ್ವಾ. ಮುಂದಿಂದು ನಮ್ಮಪ್ಪ ಉಜ್ಜಿಬಿಡ್ತಿದ್ದ" ಎಂದಳು. ಅವಳ ಜೊತೆ ಆ ಏಳೂ ಹೋಯಿತು ಎಂದುಕೊಂಡಿದ್ದೆ. ಹೋದ ವಾರ ಥಟ್ಟನೆ ನೆನಪಾಯಿತು. ಏಳು ಒಂದೇ ಸಿಕ್ಕಿ ಏನು ಮಾಡಲಿ.

ಅಟ್ಟದ ಮೇಲೆ ನಿಮ್ಮ ಚಹಾಪುಡಿಯ ಡಬ್ಬಿ ಇದೆ. ಅದರಲ್ಲಿ ಅಂಥದ್ದೇ ಮೂರು ಕಾಲಿನವು ಹನ್ನೊಂದು ಸಿಕ್ಕವು. ನನಗೆ ಬಂದ ಸಂತೋಷ ಒಂದು ಉಸಿರಿನಷ್ಟೇ ಉಳಿಯಿತು. ಹನ್ನೊಂದಕ್ಕೆ ಹನ್ನೊಂದೂ ಉಜ್ಜಿದ್ದವು. ಮೂರು ಕಾಲು ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ ಮುತ್ಯಾ, ನಿಮಗೆ ಗೊತ್ತಿದೆ. ಒಂದು ಐದು ಕೊಡುತ್ತದೆ, ಒಂದು ಹನ್ನೆರಡು ಕೊಡುತ್ತದೆ, ಕೆಲವು ಏನೂ ಕೊಡದೆ ನುಂಗುತ್ತವೆ, ಕೆಲವಕ್ಕೆ ಕಾಲುಗಳ ಸಾಲೇ ಬೇರೆ. ನಿಮಗೆ ಮುಟ್ಟಿದರೆ ತಿಳಿಯುತ್ತಿತ್ತೇನೋ. ನನಗೆ ಹನ್ನೊಂದು ಕಪ್ಪು ಮುಖಗಳು. ಹನ್ನೆರಡು ಕೊಡುವುದನ್ನು ಐದರದೆಂದು ತಿಳಿದು ಈರಮ್ಮನ ಸೊಂಟಕ್ಕೆ ಚುಚ್ಚಿದರೆ ಪೆಟ್ಟಿಗೆ ಸುಡುತ್ತದೆ. ಆಮೇಲೆ ನಾನು ಕಲಬುರಗಿಗೆ ಹೋಗಬೇಕಾದ ಕಾರಣವೇ ಇರುವುದಿಲ್ಲ.

ಲಾಲಸಾಬ ನಿನ್ನೆ ಬೆಳಿಗ್ಗೆ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. ಡಬ್ಬಿಯೊಳಗೆ ಇಣುಕಿ ನೋಡಿ, "ಅಕ್ಕಾ, ನಿಮ್ಮ ಮುತ್ಯಾ ಕಳ್ಳರಿಗೆ ಹೆದರಿ ಬಾಗಲಾನ ಕಿತ್ತು ಒಳಗ ಇಟ್ಕೊಂಡಂಗ ಮಾಡ್ಯಾರ" ಎಂದ. ಬ್ಯಾಟರಿಯಿಂದ ಎರಡು ತಂತಿ ಎಳೆದು ಒಂದೊಂದನ್ನೇ ಕಟ್ಟಿ ಮೀಟರಿನಲ್ಲಿ ನೋಡತೊಡಗಿದೆ. ಕಾಲುಗಳ ಸಾಲು ನಿಮ್ಮ ಹಳೆಯದರಿಂದ ಗೊತ್ತಿತ್ತು. ಅಂಕಿ ಎದುರಿಗಿಟ್ಟು ನೋಡಿದರೆ, ಅಂಕಿ ಇದ್ದಿದ್ದರೆ, ಎಡಗಾಲು ಬ್ಯಾಟರಿಗೆ, ನಡುಗಾಲು ಗಾಡಿಯ ಮೈಗೆ, ಬಲಗಾಲು ಚಪ್ಪಟೆ ಬಾಯಿಗೆ. ಮೊದಲನೆಯದು ಹನ್ನೊಂದರ ಹತ್ತಿರ ತೋರಿಸಿತು. ಎರಡನೆಯದು ಎಂಟು. ಮೂರನೆಯದು ಹೊಗೆ. ನಾಲ್ಕನೆಯದು ಸತ್ತದ್ದು. ಐದನೆಯದು ಮತ್ತೆ ಹೊಗೆ. ಈರಮ್ಮ ಹೊಸ್ತಿಲ ಮೇಲೆ ಕೂತು ಗೋಡೆಯ ಬಾಯಿಂದ ಉಣ್ಣುತ್ತಾ ನೋಡುತ್ತಿದ್ದಳು. "ಅಕ್ಕಾ, ನನ್ನ ಎದಿ ಚಾಲೂ ಇಡಾಕ ಇಷ್ಟು ಹೊಗಿ ಬೇಕಂದ್ರ ಹೊಂಗಿ ಎಣ್ಣಿನ ಹಾಕಿಬಿಡು ಅತ್ಲಾಗ" ಎಂದಳು. ನಾನು ಮುಂದಿನದಕ್ಕೆ ಕೈ ಹಾಕಿದೆ.

ಆರನೆಯದು ನಾಲ್ಕು ಬಿಂದು ಒಂಬತ್ತು ಎಂಟು ತೋರಿಸಿತು. ಐದೇ ಅದು. ನಾನು ಮೀಟರನ್ನು ಮೂರು ಸಲ ಬಿಡಿಸಿ ಮತ್ತೆ ಹಚ್ಚಿ ನೋಡಿದೆ, ಮೂರು ಸಲವೂ ಅದೇ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಒಂದೇ ಒಂದನ್ನು ನಂಬಿ ಹನ್ನೆರಡು ಗಂಟೆಯ ದಾರಿಗೆ ಹೇಗೆ ಹೊರಡುವುದು, ಇನ್ನೊಂದು ಕೈಯಲ್ಲಿರಲಿ ಎಂದು ಏಳನೆಯದನ್ನು ಕಟ್ಟಿದೆ. ನಡುವೆ ಫ್ಯೂಸ್ ಇಡಬೇಕಿತ್ತು. ಇದ್ದ ಫ್ಯೂಸ್ ಒಂದೇ, ಅದನ್ನು ಚಾರ್ಜರಿಗೆಂದು ಎತ್ತಿಟ್ಟಿದ್ದೆ. ತಂತಿ ಕೆಂಪಗೆ ಕಾದು, ಬ್ಯಾಟರಿಯ ತಲೆಯಲ್ಲಿ ಕಿಡಿ ಹಾರಿ, ಲಾಲಸಾಬ ಚಪ್ಪಲಿಯಿಂದ ತಂತಿಗೆ ಒದ್ದು ಬಿಡಿಸಿದ. ಯಾವತ್ತೂ ನನಗೆ ಎದುರಾಡದವನು. "ಸಾಕಕ್ಕಾ. ಇನ್ನೊಮ್ಮೆ ಹಿಂಗಾತಂದ್ರ ಬ್ಯಾಟರಿ ಹೋತು. ಬ್ಯಾಟರಿ ಹೋತಂದ್ರ ನಿಮ್ಮ ಚಾರ್ಜರ್ ಕೈಯಾಗ ಹಿಡ್ಕೊಂಡು ಕಲಬುರಗಿಗೆ ನಡ್ಕೋಂತ ಹೋಗ್ರಿ" ಎಂದ. ಅವನು ಹೇಳಿದ್ದು ಸರಿ. ಊರಿನಲ್ಲಿ ಅಂಥ ಬ್ಯಾಟರಿ ಎರಡನೆಯದಿಲ್ಲ. ಹಾಗಾಗಿ ನಾಲ್ಕು ಐಸಿ ನೋಡದೆಯೇ ಉಳಿದವು. ಅವುಗಳಲ್ಲಿ ಐದರದು ಇದ್ದರೂ ಇರಬಹುದು, ನಾಲ್ಕೂ ಹೊಗೆಯೇ ಆಗಿರಬಹುದು. ಡಬ್ಬಿಗೆ ಮರಳಿ ಹಾಕಿದ್ದೇನೆ.

ಆರನೆಯದನ್ನು ಹಿಡಿದು ಕಟ್ಟಲು ಕೂತೆ. ಬಾಯಿ ಬೇರೆ ಇರಲಿಲ್ಲ, ನಿಮ್ಮ ಹಳೆಯದರ ಚಪ್ಪಟೆ ಬಾಯನ್ನೇ ಬಿಡಿಸಿಕೊಂಡೆ. ಅದಕ್ಕೆ ನಾಲ್ಕು ಸಣ್ಣ ಕಾಲು, ಅಂಚಿನ ಎರಡಕ್ಕೆ ತಂತಿ ಇತ್ತು. ನಡುವಿನ ಎರಡರ ಮೇಲೆ ಒಂದು ಬೆಸುಗೆಯ ಹನಿ ಬಿದ್ದು ಎರಡೂ ಅಂಟಿಕೊಂಡಿದ್ದವು. ಪತ್ತಾರನ ಕೈಯಲ್ಲಿ ಹನಿ ಬೀಳುವುದೆಂದರೇನು ಎಂದು ನನಗೆ ನಿಮ್ಮ ಪರವಾಗಿ ನಾಚಿಕೆಯಾಯಿತು. ಯಾರಿಗೂ ಕಾಣದ ಹಾಗೆ ಅದನ್ನು ಬಿಸಿ ಮಾಡಿ, ಎಳೆದು, ಒರೆಸಿ ಚೊಕ್ಕ ಮಾಡಿದೆ. ಮೊಮ್ಮಗಳು ಮುತ್ಯಾನ ಮಾನ ಕಾಯ್ದ ಹಾಗೆ. ಎಲ್ಲ ಕಟ್ಟಿ ಈರಮ್ಮನ ಪೆಟ್ಟಿಗೆಗೆ ಹಚ್ಚಿದರೆ, ಪೆಟ್ಟಿಗೆ ಎರಡು ಸಲ ಮಿಣುಕಿ ಬಾಯಿ ಮುಚ್ಚಿಕೊಂಡಿತು. ಉಣ್ಣಲೊಲ್ಲದು. ವೋಲ್ಟು ಸರಿ ಇದೆ, ತಂತಿ ಸರಿ ಇದೆ, ಉಣ್ಣಲೊಲ್ಲದು. ಮನೆಹೊತ್ತು ಪೂರ್ತಿ ನಾನು ಅದರ ಮುಂದೆ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕಿದೆ. ಸಂಜೆಯಾದ ಮೇಲೆ ಹೊಳೆಯಿತು. ಎಂಬತ್ತು ರೂಪಾಯಿಯ ಸಾಮಾನಿಗೆ ಅರಗು ತುಂಬಿ ಗುರುತು ಹಾಕಿದ ಮನುಷ್ಯ ಹನಿ ಚೆಲ್ಲಿ ಹಾಗೇ ಬಿಟ್ಟಿರುತ್ತಾನೆಯೇ. ಆ ಹನಿ ಬೇಕೆಂದೇ ಇಟ್ಟದ್ದು. ನಡುವಿನ ಎರಡು ಕಾಲು ಕೂಡಿದ್ದರೆ ಮಾತ್ರ ಎದುರಿನ ಪೆಟ್ಟಿಗೆ ಇದು ಉಣಿಸುವ ಬಾಯಿ ಎಂದು ನಂಬುತ್ತದೆ. ಹನಿ ಮರಳಿ ಇಟ್ಟೆ. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. "ಅಳಾಕತ್ತೀಯೇನ" ಎಂದು ಈರಮ್ಮ ಕೇಳಿದಳು. ಹೊಗೆ ಎಂದೆ.

ಇವತ್ತು ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ಪರೀಕ್ಷೆ. ಹತ್ತು ನಿಮಿಷ ಹಸಿರು ದೀಪ, ಆಮೇಲೆ ಆರಿತು. ಸ್ವಲ್ಪ ಹೊತ್ತಿಗೆ ಹತ್ತಿತು, ಮತ್ತೆ ಆರಿತು. ಐಸಿಯ ಬೆನ್ನು ಮುಟ್ಟಿದರೆ ಬೆರಳು ಚುರ್ ಎಂದಿತು, ಇನ್ನೂ ಬೊಬ್ಬೆ ಇದೆ. ಹದಿನಾಲ್ಕು ಬಂದು ಐದು ಹೊರಗೆ ಹೋದರೆ ಉಳಿದ ಒಂಬತ್ತು ಅದರ ಮೈಯಲ್ಲೇ ಬೇಯುತ್ತದಲ್ಲ. ತೀರ ಕಾದಾಗ ಅದು ತನ್ನ ಜೀವ ಉಳಿಸಿಕೊಳ್ಳಲು ತಾನೇ ನಿಲ್ಲುತ್ತದೆ. ಅದರ ಜೀವ ಉಳಿದರೆ ನನಗೇನು, ನನಗೆ ಬೇಕಾದ ಜೀವ ಬೇರೆ. ಪೂಜೆಯ ತಾಮ್ರದ ತಟ್ಟೆ ಕತ್ತರಿಸಿ ಬೆನ್ನಿಗೆ ಕಟ್ಟಿದೆ. ಹತ್ತು ನಿಮಿಷ ಹೋಗಿ ಹದಿನೈದಾಯಿತು, ಅಷ್ಟೆ. ಕಾಯುವ ತಿಂಗಳ ಬಿಸಿಲಿನಲ್ಲಿ ಶಹಾಪುರದ ದಾರಿಯಲ್ಲಿ ಅದೂ ಇರುವುದಿಲ್ಲ.

ಆಗ ಲಾಲಸಾಬ, ತೂತಿನ ತಂತಿ ಸಡಿಲವಿದೆಯೇನೋ ನೋಡಕ್ಕಾ ಎಂದ. ಎಪ್ಪತ್ಮೂರರ ಮುದುಕಿ ಜೀಪಿನ ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ ಮೇಲೆ ನೋಡಿದೆ. ತಗಡಿನ ಒಂದು ಕಡೆ, ಅಂಗೈಯಷ್ಟು ಜಾಗದಲ್ಲಿ ಬಣ್ಣ ಕೆರೆದು ಬರಿಯ ಕಬ್ಬಿಣ ಕಾಣಿಸುತ್ತಿತ್ತು. ನಡುವೆ ಒಂದು ಸ್ಕ್ರೂವಿನ ತೂತು. ತೂತಿನ ಪಕ್ಕದಲ್ಲಿ, ತುಕ್ಕಿನ ಒಳಗಿಂದ, ಸೂಜಿಯಿಂದ ಕೆತ್ತಿದ್ದು: ಮಾ.

ಬೆರಳಿನಿಂದ ತುಕ್ಕು ಒರೆಸಿದೆ. ಈ ಜೀಪಿಗೂ ನೀವು ಚಾರ್ಜರ್ ಕಟ್ಟಿದ್ದಿರಿ. ಲಾಲಸಾಬನ ಮುತ್ಯಾನ ಅಪ್ಪನೋ ಯಾರೋ ನಿಮ್ಮ ಗಿರಾಕಿ. ಈ ಜಾಗದಲ್ಲಿ ನೀವೂ ಹೀಗೇ ಅಂಗಾತ ಮಲಗಿದ್ದಿರಿ. ಐಸಿಯ ಬೆನ್ನಿನ ಲೋಹ ಅದರ ನಡುಗಾಲಿನದೇ ಬಳಗ, ನಡುಗಾಲು ಗಾಡಿಯ ಮೈಯದೇ ಬಳಗ. ಬೆನ್ನನ್ನು ನೇರ ಗಾಡಿಯ ಮೈಗೆ ಬಿಗಿದರೆ ಇಡೀ ಜೀಪೇ ಅದರ ಕಾವು ಕುಡಿಯುತ್ತದೆ. ಬೆನ್ನಿನಲ್ಲಿ ತೂತು ಇರುವುದೇ ಅದಕ್ಕೆ. ಅಲ್ಲೇ ಬಿಗಿದೆ, ನಿಮ್ಮ ತೂತಿಗೇ. ಮುಕ್ಕಾಲು ಗಂಟೆ ಇಂಜಿನ್ ಓಡಿಸಿದೆವು, ದೀಪ ಆರಲಿಲ್ಲ.

ಕೆಲಸ ಮುಗಿದ ಮೇಲೆ ಸೂಜಿ ತೆಗೆದುಕೊಂಡು "ಕಾ" ಎಂದು ಬರೆಯಲು ಹೊರಟೆ, ಕೈ ತನ್ನಷ್ಟಕ್ಕೆ ತಾನೇ ಹೋಯಿತು. ಈರಮ್ಮ ಪಕ್ಕದ ಸೀಟಿನಲ್ಲಿ ಕೂತು ಉಣ್ಣುತ್ತಿದ್ದವಳು, "ನಿನ್ನ ಹೆಸರು ಬರದು ಏನ್ ಮಾಡ್ತಿ ಅಕ್ಕಾ, ನನ್ನ ಪೆಟಿಗಿ ಅದನ್ನ ಉಣ್ಣೂದಿಲ್ಲ. ಎಷ್ಟು ಕೊಡ್ತೈತಿ ಅಂತ ಬರಿ" ಎಂದಳು. ಹೌದಲ್ಲ ಎನಿಸಿತು. ಐದು ಎಂದು ಬರೆದೆ. ಯಾವ ಕಾಲು ಯಾವುದಕ್ಕೆ ಎಂದು ಬರೆದೆ. ನಡುವಿನ ಹನಿ ತೆಗೆಯಬೇಡಿ ಎಂದು, ಬೆನ್ನು ಗಾಡಿಯ ಮೈಗೆ ಬಿಗಿಯಿರಿ ಎಂದು, ಫ್ಯೂಸ್ ಇಲ್ಲದೆ ಪರೀಕ್ಷೆ ಮಾಡಬೇಡಿ ಎಂದು, ಕೆಪಾಸಿಟರಿನ ಗೆರೆ ಇರುವ ಕಾಲು ಗಾಡಿಯ ಮೈ ಕಡೆಗೆ ಎಂದು ಒಂದು ಕಾಗದದ ಮೇಲೆ ಬರೆದು, ಚಿತ್ರ ತೆಗೆದು, ಜೀಪಿನ ಮುಂದಿನ ಗೂಡಿನಲ್ಲಿ ಇಟ್ಟಿದ್ದೇನೆ. ದಾರಿಯಲ್ಲಿ ಬಿಸಿಲು ನನ್ನನ್ನೇ ಮೊದಲು ಕೆಡವಬಹುದು. ಹಾಗಾದರೆ ಲಾಲಸಾಬ ಓದಿಕೊಂಡು ಮಾಡುತ್ತಾನೆ. ಐವತ್ತು ವರ್ಷದಿಂದ ನಾನು 'ಕಾ' ಹಾಕಿ ಕಳಿಸಿದ ಸಾಮಾನುಗಳ ಲೆಕ್ಕವಿಲ್ಲ. ಅವು ಈಗ ಯಾವ ಯಾವ ಮನೆಯಲ್ಲಿ, ಯಾರ ಯಾರ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿವೆಯೋ. ತಿರುಗಿ ಬಂದರೆ ಒಂದೊಂದೇ ಹುಡುಕಿಕೊಂಡು ಹೋಗಿ ಬರೆದಿಡಬೇಕು.

ಎಲ್ಲ ಸರಿಯಿದೆ, ಮತ್ತೇಕೆ ಹೆದರುತ್ತೀ ಎಂದು ನೀವು ಕೇಳಬಹುದು. ಮುತ್ಯಾ, ಇರುವುದು ಒಂದೇ ಐಸಿ. ನೂರು ವರ್ಷ ಡಬ್ಬಿಯಲ್ಲಿದ್ದದ್ದು. ಮುಕ್ಕಾಲು ಗಂಟೆ ತಡೆದದ್ದು ಆರು ಗಂಟೆ ತಡೆಯುತ್ತದೆ ಎಂದು ನನಗೆ ಯಾರು ಹೇಳುತ್ತಾರೆ. ಜಲ್ಲಿಯ ಕುಲುಕಾಟಕ್ಕೆ ಅದರ ಕಾಲು ಮುರಿದರೆ, ನಿಮ್ಮ ಹಳೆಯದರ ಹಾಗೆ ನಡುವೆ ಬಿರಿದರೆ, ತಿಂಥಣಿಯ ಆಚೆ ಆ ಬಯಲಿನಲ್ಲಿ ನಾನು ಏನು ಮಾಡಲಿ. ಪೆಟ್ಟಿಗೆ ಸೋಲುವ ಮೊದಲು ಅರ್ಧ ಗಂಟೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಮನೆಯಲ್ಲಿ ಆ ಸದ್ದು ಬಂದರೆ ಗೋಡೆಯ ಹತ್ತಿರ ಹೋಗುತ್ತೇವೆ. ಅಲ್ಲಿ ಬಂದರೆ ಅವಳ ಪಕ್ಕದಲ್ಲಿ ಕೂತು ಕೇಳುವುದಷ್ಟೇ ಕೆಲಸ. ಡಬ್ಬಿಯಲ್ಲಿ ಇನ್ನೂ ನಾಲ್ಕು ಇವೆ. ಒಂದು ಐದರದಾಗಿದ್ದರೆ, ಅದು ಯಾವುದೆಂದು ತಿಳಿದರೆ, ಸೆರಗಿನಲ್ಲಿ ಕಟ್ಟಿಕೊಂಡು ನಿಶ್ಚಿಂತೆಯಿಂದ ಹೊರಟೇನು.

ಅದಕ್ಕೇ ಈ ಕಾಗದ. ಜೀಪಿನ ಕೆಳಗೆ ನಿಮ್ಮ ಹೆಸರು ಉಳಿದಿದೆ, ಐಸಿಯ ಮೇಲೆ ನಿಮ್ಮ ಹೆಸರು ಉಳಿದಿದೆ. ಉಳಿಯದೇ ಹೋದದ್ದು ಆ ಅಂಕಿ. ಎದುರಂಗಡಿಯವನ ವಂಶ ಯಾವ ಕಾಲಕ್ಕೋ ಊರು ಬಿಟ್ಟಿತು. ನೀವು ಅವನಿಂದ ಬಚ್ಚಿಟ್ಟದ್ದು ನಿಮ್ಮ ಮಗಳ ಮೊಮ್ಮಕ್ಕಳ ಕೈಗೆ ಸಿಗಲಿಲ್ಲ. ಬೈಯಲು ಹೇಳುತ್ತಿಲ್ಲ. ನಿಮಗೆ ಮಕ್ಕಳ ಹೊಟ್ಟೆಯ ಚಿಂತೆ ಇತ್ತು, ನಮ್ಮ ಚಿಂತೆ ಎಲ್ಲಿಂದ ಬರಬೇಕು. ಎಲ್ಲ ಐಸಿಗಳನ್ನೂ ಹಾಗೇ ಬಿಡಿ ಎಂದೂ ಕೇಳುವುದಿಲ್ಲ. ಮಾರುವುದನ್ನು ಉಜ್ಜಿಕೊಳ್ಳಿ. ಮಧ್ಯಾಹ್ನ ಅರ್ಧ ಬಾಗಿಲು ಎಳೆದು ಹಲಗೆಯ ಮುಂದೆ ಕೂತಾಗ, ಚಹಾಪುಡಿಯ ಡಬ್ಬಿಗೆ ಹಾಕುವ, ಐದು ಕೊಡುವ ಒಂದೇ ಒಂದರ ಮೇಲೆ ಉಜ್ಜುವ ಕೈ ನಿಲ್ಲಿಸಿ. ಒಂದರ ಮೇಲೆ ಸಾಕು.

ಹೊತ್ತು ಮುಳುಗುತ್ತಿದೆ. ಕಾಗದಕ್ಕೆ ತಗಡು ಸುತ್ತಿ ಹಿತ್ತಲಿಗೆ ಹೋಗುತ್ತೇನೆ. ಆರುನೂರ ನಲವತ್ತು ಅಡಿ ದಾರ ಬಿಡಬೇಕು, ಮುದುಕಿಯ ಕೈ, ಸ್ವಲ್ಪ ಹೊತ್ತು ಹಿಡಿಯುತ್ತದೆ. ತಳ ಮುಟ್ಟಿದ್ದು ಗೊತ್ತಾದ ಮೇಲೆ ಕೈ ತೊಳೆದು, ದೀಪ ಹಚ್ಚಿ, ಡಬ್ಬಿಯನ್ನು ಬೆಳಕಿಗೆ ತಂದು ಮುಚ್ಚಳ ತೆಗೆಯುತ್ತೇನೆ. ನಾಲ್ಕನ್ನೂ ಒಂದೊಂದೇ ಅಂಗೈ ಮೇಲೆ ತಿರುವಿ ನೋಡುತ್ತೇನೆ, ನೀವು ಅಂಕಿ ಬಿಟ್ಟಿದ್ದೀರೇನೋ ಎಂದು. ಈರಮ್ಮನಿಗೆ ಹೇಳಿಲ್ಲ, ಹೇಳಿದರೆ ನಗುತ್ತಾಳೆ.

ಏಳರಿಂದ ಶುರುವಾಗುವುದನ್ನು ಹುಡುಕುತ್ತೇನೆ.

ನಿಮ್ಮ ಮಗಳ ಮೊಮ್ಮಗಳು
ಕಾಳಮ್ಮ